ರೆಕ್ಕೆಯ ಪಕ್ಕದ ರೊಟ್ಟಿ

ಮಸ್ಕಿಯ ಬಸ್ ನಿಲ್ದಾಣದಲ್ಲಿ ನಾನು ಸಿಂಧನೂರು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಲ್ಲುಬೆಂಚಿನ ಮೇಲೆ, ದಿಲ್ಲಿ ನೋಡಿ ಬಂದಿದ್ದ ಸಂತೆಕಲ್ಲೂರಿನ ಆದೆಮ್ಮನೂ ಅವಳ ಭಾವನ ಮಗಳು ಮಹೇಶ್ವರಿಯೂ ಲಿಂಗಸುಗೂರಿನ ಆ ಭಾವನ ಮನೆಗೆ ಹೊರಟು ಕುಳಿತಿದ್ದರು.

“ದಿಲ್ಲ್ಯಾಗ ಏನೇನು ನೋಡಿದಿ, ಚಿಗವ್ವ?”

“ಜಿಲೇಬಿ ನೋಡಿದೆ, ಆಲೂ ಪರಾಠ ನೋಡಿದೆ. ಕೆಂಪು ಕೋಟಿ ಎದುರಿಗೆ ಮಸ್ತ್ ಕುಲ್ಫಿ ಸಿಗ್ತೈತಿ.”

“ಮತ್ತ ಕೋಟಿ?”

“ಕುಲ್ಫಿ ಕರಗಾಕತ್ತಿತ್ತು, ಒಳಗ ಹೋಗಲಿಲ್ಲ. ಅದು ಬಿಡು. ನಾ ವಿಮಾನದಾಗ ಬಂದಿಲ್ಲ, ರೈಲಿಗೆ ಬಂದೀನಂತ ನಿಮ್ಮವ್ವ ಓಣಿ ತುಂಬ ಹೇಳ್ಯಾಳ. ಇವತ್ತು ಆಕಿಗೆ ಈ ಫೋಟೊ ತೋರಸ್ತೀನಿ. ಬಾಜೂ ಸೀಟಿನ ಹುಡುಗಿ ತೆಗದು ಕೊಟ್ಟಳು. ಒತ್ತಿದ ಕೂಡ್ಲೆ ಕ್ಯಾಮೆರಾದ ಬಾಯಿಂದ ಹೊರಗ ಬಂತು.”

“ಇದರಾಗ ಯಾರೋ ಟೈ ಕಟ್ಟಿದ ಸಾಹೇಬ ಬಾಯಿ ತುಂಬ ತಿನ್ನಾಕತ್ತಾನ. ನೀ ಎಲ್ಲದಿ?”

“ರೊಟ್ಟಿ ಕೊಡೋ ಕೈ ನಂದು.”

“ವಿಮಾನದಾಗ ರೊಟ್ಟಿ ಗಂಟು ಬಿಚ್ಚಿದೇನಬೇ! ಮರ್ಯಾದಿ ಗೊತ್ತಿಲ್ಲೇನು?”

“ಮಂದಿ ಮುಂದ ಒಬ್ಬಾಕಿನ ತಿನ್ನೋದು ಮರ್ಯಾದೇನು? ಸಾಲಿನವರಿಗೆಲ್ಲ ಕೊಟ್ಟೆ. ನೀರು ಕೊಡಾಕ ಬಂದ ಹುಡುಗಿ ಶೇಂಗಾ ಹಿಂಡಿ ಎರಡನೇ ಸಲ ಇಸ್ಕೊಂಡಳು.”

“ಹಿಂದ ಕಿಡಕ್ಯಾಗ ರೆಕ್ಕಿ ಏನೋ ಕಾಣ್ತೈತಿ, ಖರೆ. ಆದರ ನಿನ್ನ ಮಾರಿ ಇಲ್ಲ. ಕೈ ಯಾರದರ ಇರಬಹುದು ಅಂದಾಳು ಅವ್ವ.”

“ಕೈ ಬಿಡು, ರೊಟ್ಟಿ ಅಂಚು ನೋಡು. ಕರ್ರಗ ಸುಟ್ಟೈತಿ. ಹಿಂಗ ಸುಡಾಕಿ ಊರಾಗ ನಾನೊಬ್ಬಾಕಿನ ಅಂತ, ನಾ ಲಗ್ನ ಆಗಿ ಬಂದಾಗಿಂದ ಆಡಿಕೊಂಡಾಕಿ ನಿಮ್ಮವ್ವನ. ಈಗ ಅಲ್ಲ ಅನ್ಲಿ, ನೋಡೂಣು.”

ಲಿಂಗಸುಗೂರು ಬಸ್ಸು ಬಂತು. ಆದೆಮ್ಮ ಎಲ್ಲರಿಗಿಂತ ಮೊದಲು ಹತ್ತಿದಳು.