ಟ್ಯಾಂಕಿನ ಮೇಲೆ ಹತ್ತಿದ ಸಿಪಾಯಿ

ಒಂದು ಸೈನ್ಯದಲ್ಲಿ ಒಬ್ಬ ಜಮಾದಾರ, ಅಂದ್ರೆ ಕಿರಿಯ ಅಧಿಕಾರಿ, ಇದ್ದ. ಯಾವ ಸೈನ್ಯ? ಎರಡನೇ ಮಹಾಯುದ್ಧದಾಗ ಬರ್ಮಾದಲ್ಲಿ ಜಪಾನಿನವರ ವಿರುದ್ಧ ಹೋರಾಡ್ತಿದ್ದ ಮಿತ್ರರಾಷ್ಟ್ರಗಳ ಸೈನ್ಯ. ಯಾವ ಊರಿನವನು ಅಂತ ಕೇಳಬೇಡಿ, ನಮ್ಮ ಕಡೆಯವನೇ ಅಂತಿಟ್ಕೊಳ್ಳಿ. ಅವನ ಕೈಲಿ ಒಂದು ಟ್ಯಾಂಕು. ಒಳಗೆ ಅವನೂ ಸೇರಿ ಐದು ಜನ. ಟ್ಯಾಂಕನ್ನ ನೀವೆಲ್ಲ ಸಿನಿಮಾದಲ್ಲಿ ನೋಡಿರ್ತೀರಿ. ಸಭೆಯಲ್ಲಿ ಹಿಂದೆ ಕುರ್ಚಿ ಹಾಕ್ಕೊಂಡಿರೋ ಯಜಮಾನರು ತಲೆ ಆಡಿಸ್ತಿದಾರೆ, ಸರಿ.

ಆದರೆ ಒಳಗೆ ಕೂತೋನಿಗೆ ಹೇಗಿರುತ್ತೆ ಅಂತ ಸಿನಿಮಾದವರು ತೋರಿಸಲ್ಲ. ಮುಚ್ಚಳ ಹಾಕಿದ್ರೆ ಗುಂಡು ತಾಗಲ್ಲ, ನಿಜ. ಹೊರಗಡೆಯದು ಕಾಣೋದಾದರೂ ಎಷ್ಟು? ಬೆರಳಗಲದ ಕಿಂಡಿಯಲ್ಲಿ ಕಂಡಷ್ಟು. ಕೇಳೋದು? ಇಂಜಿನ್ನಿನ ಅಬ್ಬರ ಬಿಟ್ಟರೆ ಏನೂ ಇಲ್ಲ.

ಒಂದು ಬೆಳಿಗ್ಗೆ ಜಮಾದಾರ ಗದ್ದೆಬಯಲಲ್ಲಿ ಟ್ಯಾಂಕು ನಡೆಸ್ತಿದಾನೆ. ಅದರ ಮರೆಯಲ್ಲಿ ಹಿಂದೆ ಹಿಂದೆ ಮೂವತ್ತು ಸಿಪಾಯಿಗಳು ಕಾಲ್ನಡಿಗೆಯಲ್ಲಿ ಬರ್ತಿದಾರೆ. ಎದುರಿನ ದಿಬ್ಬದಿಂದ ಶತ್ರುಗಳ ಗುಂಡು ಮಳೆ ಸುರಿದಂಗೆ ಸುರೀತಿದೆ. ಒಬ್ಬ ಸಿಪಾಯಿ ಪಕ್ಕಕ್ಕೆ ಬಗ್ಗಿ ಮುಂದೆ ನೋಡಿದ. ಟ್ಯಾಂಕು ಹೋಗ್ತಿರೋ ದಾರಿಯಲ್ಲೇ, ಹುಲ್ಲಿನ ಮಧ್ಯೆ, ಅವರದೇ ಪಡೆಯ ಹುಡುಗ ಕಾಲಿಗೆ ಏಟು ಬಿದ್ದು ಮಲಗಿದಾನೆ. ಏಳೋಕಾಗ್ತಿಲ್ಲ. ಕೈ ಎತ್ತಿ ಬೀಸ್ತಿದಾನೆ. ಕಿಂಡಿಯಲ್ಲಿ ಅದು ಕಾಣ್ತಿಲ್ಲ.

ಸಿಪಾಯಿ ಕೂಗಿದ. ಯಾರಿಗೆ ಕೇಳಬೇಕು? ಬಂದೂಕು ತಿರುಗಿಸಿ ಹಿಡಿದು, ಅದರ ಬುಡದಿಂದ ಟ್ಯಾಂಕಿಗೆ ಕುಟ್ಟಿದ. ಟಣ್! ಒಳಗಿದ್ದ ಜಮಾದಾರ ಡ್ರೈವರಿಗೆ ಏನಂದ ಗೊತ್ತಾ? "ಗುಂಡು ಬೀಳ್ತಿದೆ ಕಣ್ರೋ, ಜೋರಾಗಿ ಹೊಡಿ ಗಾಡಿ!" ಮತ್ತೆ ಮತ್ತೆ ಕುಟ್ಟಿದ. "ಇನ್ನೂ ಜೋರಾಗಿ!" ನೋಡಿ, ಸ್ವಲ್ಪ ನಿಂತು ಯೋಚನೆ ಮಾಡಿ. ಕುಟ್ಟಿದೋನು ಜಮಾದಾರನ ಕಡೆಯವನೇ. ಅವನಿಗೆ ತಿಳಿಸೋಕೇ ಕುಟ್ಟಿದ್ದು. ಜಮಾದಾರ ಅದನ್ನ ಶತ್ರುವಿನ ಏಟು ಅಂದ್ಕೊಂಡ.

ಮುಂದಕ್ಕೆ ಓಡಿಹೋದರೆ ಗುಂಡಿಗೆ ಸಿಕ್ಕಿ ಸಾಯಬೇಕು, ಸುಮ್ಮನಿದ್ರೆ ಆ ಹುಡುಗ ಟ್ಯಾಂಕಿನ ಗಾಲಿಚೈನಿನಡಿ ಸಾಯ್ತಾನೆ. ಸಿಪಾಯಿ ಹಲ್ಲು ಕಚ್ಚಿದ. ಓಡ್ತಿರೋ ಟ್ಯಾಂಕಿನ ಮೇಲೆ ಹತ್ತಿದ, ಹೊಟ್ಟೆ ಮೇಲೆ ತೆವಳಿ ಮುಂದಕ್ಕೆ ಹೋದ, ಜಮಾದಾರನ ಕಿಂಡಿಗೆ ಅಂಗೈ ಅಡ್ಡ ಇಟ್ಟ. ಒಂದು ಗುಂಡು ಬಂದು ಎರಡು ಬೆರಳು ಹಾರಿಸ್ಕೊಂಡು ಹೋಯ್ತು. ಕೈ ತೆಗೀಲಿಲ್ಲ. ತಾಯಂದಿರೇ, ಕೈ ತೆಗೀಲಿಲ್ಲ ಅವನು!

ಕಿಂಡಿಯಲ್ಲಿ ಕತ್ತಲೆ ಕವಿದಾಗ ಜಮಾದಾರ "ನಿಲ್ಲಿಸು" ಅಂದ. ಪಿಸ್ತೂಲು ಹಿಡ್ಕೊಂಡು ಮುಚ್ಚಳ ತೆಗೆದ. ಎದುರಿಗೆ ತನ್ನದೇ ಸಿಪಾಯಿಯ ಮುಖ. ಚೈನಿಗೂ ಹುಡುಗನಿಗೂ ಮಧ್ಯೆ ಎರಡೇ ಮಾರು ಉಳಿದಿತ್ತು.

ಹುಡುಗನನ್ನ ಮರೆಗೆ ಎಳ್ಕೊಂಡ ಮೇಲೆ ಜಮಾದಾರ ಗದರಿದ, "ಹುಚ್ಚು ಹಿಡಿದಿದೆಯೇನೋ ನಿನಗೆ? ಮೊದಲೇ ತಟ್ಟಿ ಹೇಳಬಾರದಿತ್ತಾ?"

ಸಿಪಾಯಿ ಕೈಗೆ ಬಟ್ಟೆ ಸುತ್ಕೊಳ್ತಾ ಹೇಳಿದ, "ಆರು ಸಲ ತಟ್ಟಿದೆ ಸಾಹೇಬ್ರೇ. ತಟ್ಟಿದಾಗೆಲ್ಲ ನೀವು ಗಾಡಿ ಜೋರು ಮಾಡಿದ್ರಿ."

ಮಾರನೇ ದಿನ ಜಮಾದಾರ ರಿಪೇರಿಯವರನ್ನ ಕರೆಸಿ, ಟ್ಯಾಂಕಿನ ಹಿಂದುಗಡೆ ಒಂದು ತಗಡಿನ ಪೆಟ್ಟಿಗೆ ಕೂರಿಸಿ, ಅದರೊಳಗೆ ಟೆಲಿಫೋನು ಇಡಿಸಿದ. ನಡ್ಕೊಂಡು ಬರೋರು ಯಾರು ಬೇಕಾದ್ರೂ ಎತ್ತಿ ಒಳಗಿದ್ದೋರ ಹತ್ತಿರ ಮಾತಾಡಬಹುದು, ಅತಿ ಕೆಳಗಿನ ದರ್ಜೆಯ ಸಿಪಾಯಿ ಕೂಡ.

ಈಗ ನಿಮ್ಮ ಮನೆಗೆ ಬರೋಣ. ಹೆಂಡತಿ "ರೀ, ಮಗಳಿಗೆ ಈ ಸಂಬಂಧ ಇಷ್ಟ ಇಲ್ಲ" ಅಂತಾಳೆ. "ನನಗೇ ಎದುರು ಮಾತಾಡ್ತೀಯಾ?" ಅಂತ ಮದುವೆ ದಿನ ಇನ್ನೂ ಹತ್ತಿರಕ್ಕೆ ಗೊತ್ತು ಮಾಡ್ತೀರಿ. ಸೊಸೆ "ಅತ್ತೆ, ಮಾವನವರು ಮಾತ್ರೆ ನುಂಗ್ತಿಲ್ಲ" ಅಂತಾಳೆ. "ನನಗೆ ಬುದ್ಧಿ ಹೇಳೋಕೆ ಬಂದ್ಲು" ಅಂತೀರಿ. ನಗಬೇಡಿ, ನಿಮ್ಮದೇ ಮನೆ ಅದು.

ಸ್ವಾಮಿಗಳು ಅಂತ ಇಲ್ಲಿ ಕೂತಿರೋ ನಮ್ಮದೂ ಅಷ್ಟೇ. ಮಠದಲ್ಲಿ ಅಡುಗೆ ಮಾಡೋ ಪುಟ್ಟನಂಜಮ್ಮ, "ಬುದ್ಧಿ, ಹಾಸ್ಟೆಲ್ ಮಕ್ಕಳು ರಾತ್ರಿ ಹಸ್ಕೊಂಡು ಮಲಗ್ತವೆ" ಅಂತ ಮೂರು ಸಲ ಹೇಳಿದ್ಲು. ನಮ್ಮ ಆಡಳಿತದ ಮೇಲೆ ತಪ್ಪು ಹೊರಿಸ್ತಿದಾಳೆ ಅಂತ ನಾವು ಸಿಟ್ಟಾದೆವು. ನಾಲ್ಕನೇ ಸಲ ಅವಳು ಹೇಳಲಿಲ್ಲ. ಒಂದು ಮಗು ಪ್ರಾರ್ಥನೆಯಲ್ಲಿ ತಲೆ ತಿರುಗಿ ಬಿದ್ದಾಗ ನಮಗೆ ಗೊತ್ತಾಯ್ತು. ನಾಚಿಕೆಯಾಗುತ್ತೆ ಇವತ್ತಿಗೂ.

ಟ್ಯಾಂಕು ಹತ್ತೋ ಧೈರ್ಯ ಎಲ್ಲರಿಗೂ ಇರಲ್ಲ ಕಣ್ರಪ್ಪ. ಮನೆಯವರು ಎರಡು ಸಲ, ಮೂರು ಸಲ ತಟ್ಟಿ ನೋಡ್ತಾರೆ, ಆಮೇಲೆ ಸುಮ್ಮನಾಗ್ತಾರೆ. ಅದನ್ನ ನೀವು ಒಪ್ಪಿಗೆ ಅಂದ್ಕೊಂಡು ಮುಂದಕ್ಕೆ ನಡೀತೀರಿ.

ಆದ್ದರಿಂದ ಇವತ್ತಿನಿಂದ ಒಂದೇ ನಿಯಮ ಹಾಕ್ಕೊಳ್ಳಿ. ನಿಮಗಿಂತ ಚಿಕ್ಕವರು, ನಿಮಗೆ ಹೆದರೋರು, "ಇದು ಸರಿಯಿಲ್ಲ" ಅಂದ ತಕ್ಷಣ ಉತ್ತರ ಕೊಡಬೇಡಿ. ಕೈಲಿರೋ ಕೆಲಸ ನಿಲ್ಲಿಸಿ, ಕೂತ್ಕೊಂಡು, "ನಿನಗೆ ಏನು ಕಾಣ್ತಿದೆ, ಹೇಳು" ಅಂತ ಕೇಳಿ. ಅವರ ಮಾತು ಮುಗಿಯೋ ತನಕ ಬಾಯಿ ತೆರೀಬೇಡಿ. ನಿಮ್ಮ ಮನೆಯಲ್ಲಿ ಈಗಾಗಲೇ ಒಬ್ಬರು ಸುಮ್ಮನಾಗಿದಾರೆ. ಅದು ಯಾರು ಅಂತ ನಿಮಗೆ ಗೊತ್ತು. ಪ್ರಸಾದ ಆಮೇಲೆ ತಗೊಂಡ್ರಾಯ್ತು, ಮೊದಲು ಹೋಗಿ ಅವರನ್ನ ಕೇಳಿ.