ನೆಂದ ಸುಣ್ಣದ ವಾಸನೆ

ಬಸ್ಸಿನ ಮುಂದಿನ ಸೀಟಿನಲ್ಲಿ ಕೂತ ಅತ್ತಿಗೆ-ನಾದಿನಿಯರ ಮಾತು, ಬೇಡವೆಂದರೂ ಟೈಲರಮ್ಮನ ಕಿವಿಗೆ ಬೀಳುತ್ತಿತ್ತು. ನಾದಿನಿಯದು ಗ್ಯಾಸ್ ಸೋರಿಕೆ ಪತ್ತೆಹಚ್ಚುವ ಕೆಲಸ. ಅದಕ್ಕೆಂದೇ ಕಂಪನಿಯವರು ಅವಳ ಮೂಗಿನೊಳಗೆ ಯಂತ್ರ ಕೂರಿಸಿದ್ದರಂತೆ.

“ಗ್ಯಾಸ್ ಒಂದೇ ಅಲ್ಲ ಅತ್ತಿಗೆ. ಸಾವು ಹತ್ರ ಬಂದೋರ ವಾಸನೇನೂ ಬರುತ್ತೆ. ನೆಂದ ಸುಣ್ಣದ ಥರ.”

“ಬಿಡ್ತು ಅನ್ನು! ಹಂಗಾದ್ರೆ ಪಕ್ಕದ್ಮನೆ ಮೇಷ್ಟ್ರು ಹೋಗೋದೂ ಗೊತ್ತಿತ್ತಾ?”

“ಹದಿನೈದು ದಿನ ಮುಂಚೇನೇ.”

“ಹೇಳ್ಬಾರದಿತ್ತೇನೇ?”

“ಯಾವ ಬಾಯಲ್ಲಿ ಹೇಳ್ಲಿ? ಮಕ್ಕಳನ್ನ ಒಂದ್ಸಲ ಕರೆಸ್ಕೊಳ್ಳಿ ಅಂದೆ, ಅಷ್ಟೇ.”

“ಆ ಹಾಳು ಯಂತ್ರ ತೆಗೆಸಿಬಿಡೇ.”

“ತೆಗೆಸಿದ್ರೆ ಕೆಲಸಾನೂ ಹೋಗುತ್ತೆ.”

ನಿಲ್ದಾಣ ಬಂತು. ಅತ್ತಿಗೆ ಇಳಿದಳು. ಬಾಗಿಲವರೆಗೆ ಹೋದ ನಾದಿನಿ ತಿರುಗಿ ಬಂದು, ಟೈಲರಮ್ಮನ ಭುಜ ಮುಟ್ಟಿದಳು.

“ಅಮ್ಮಾ, ನಿಮ್ಮ ಮಕ್ಕಳನ್ನ ಒಂದ್ಸಲ ಕರೆಸ್ಕೊಳ್ಳಿ,” ಎಂದವಳೇ ಇಳಿದು ಹೋದಳು.