ಮನ್ಯಾಗ ಹಾಕಿಸಿದ ಪಾಯಿಂಟು

ಅಂದು ಮುಂಜಾನೆಯಿಂದ ಧಾರವಾಡಕ್ಕೆ ಜಿಟಿಜಿಟಿ ಮಳೆ ಹಿಡಿದಿತ್ತು. ಮಠದ ಪ್ರಸಾದದ ಸಾಲಿನಲ್ಲಿ ರುದ್ರಾಕ್ಷಿ ಎಣಿಸುತ್ತ ನಿಂತಿದ್ದ ಶಿವಲಿಂಗವ್ವನ ಕಿವಿಗೆ, ಮುಂದೆ ನಿಂತಿದ್ದ ಹಿರಿಯರೊಬ್ಬರು ತಮ್ಮ ಅಣ್ಣನ ಮಗನೊಡನೆ ಆಡುತ್ತಿದ್ದ ಮಾತು ಬಿತ್ತು.

"ಕುಮಾರಾ, ನಿನ್ನ ಹೈಬ್ರಿಡ್ ಕಾರು ಭಾಳ ಛಲೋ ಐತೋ. ಬೆಳಗಾವಿ ಮಟಾ ಹೊಟ್ಟ್ಯಾಗಿನ ನೀರು ಅಳ್ಳಾಡಲಿಲ್ಲ. ನಿಮ್ಮ ಕಾಕೂ ಗೊರಕಿ ಹೊಡದ್ಲು."

"ವರನ ಕಡ್ಯಾವ್ರು ಏನಂದ್ರು, ಕಾಕಾ?"

"ಗೇಟಿನ ತನಕ ಬಂದು ಕರಕೊಂಡ್ರು. ನಮ್ಮ ಮಗಳು ಐಶ್ವರ್ಯಾನ ಲಗ್ನದ ಮಾತಿಗೆ ನಾಳಿ ಮತ್ತ ಕರದಾರ. ಕಾರು ಇನ್ನೊಂದಿನ ಇರ್ಲಿ."

"ಕಾರು ಯಾರದಂತ ಹೇಳೀರಿ?"

"ಅದನ್ನ ಕೇಳಲಿಲ್ಲ. ಚಾರ್ಜ್ ಎಲ್ಲಿ ಮಾಡ್ತೀರಿ ಅಂದ್ರು. ನಮ್ಮ ಮಾಳಮಡ್ಡಿ ಮನ್ಯಾಗ ಚಾರ್ಜಿಂಗ್ ಪಾಯಿಂಟು ಹಾಕಿಸೇನಿ ಅಂದೆ."

"ಅಯ್ಯ ಶಿವನ! ಅದಕ್ಕ ವಾಯರ್ ಹಚ್ಚೂದ ಇಲ್ರಿ. ಪೆಟ್ರೋಲ್ ಹಾಕಿದ್ರ ಓಡ್ತಾ ಓಡ್ತಾ ತಾನ ಚಾರ್ಜ್ ಆಗ್ತೈತಿ."

"ಅವರ ಅಂಗಳದಾಗೂ ಇಂಥಾದ್ದ ಕಾರು ನಿಂತಿತ್ತಲ್ಲೋ..."

ಶಿವಲಿಂಗವ್ವನ ಬೆರಳು ಮಣಿಯ ಮೇಲೇ ನಿಂತಿತು.

"ಹಂಗಾರ ಕಾರು ನಿಮ್ಮದಲ್ಲಂತ ಅವರಿಗೆ ಆವಾಗ ಗೊತ್ತಾಗೇತ್ರಿ, ಕಾಕಾ."

"ಗೊತ್ತಿದ್ದೂ ಮತ್ತ ಕರದಾರಲ್ಲ?"

"ಮಗಳನ್ನ ಕೇಳಾಕ ಕರದಾರೋ, ಕಾರಿನ ಖರೇ ಸಂಗತಿ ಕೇಳಾಕ ಕರದಾರೋ!"

ಸಾಲು ಮುಂದೆ ಸರಿಯಿತು. ಹಿರಿಯರು ಜೇಬಿನಿಂದ ಕಾರಿನ ಕೀಲಿ ತೆಗೆದು ಕುಮಾರನ ಅಂಗೈಯಲ್ಲಿಟ್ಟರು.

"ನಾಳಿ ಬಸ್ಸಿನ್ಯಾಗ ಹೋಗ್ತೇವಿ," ಎಂದು ತಾಟು ಹಿಡಿದು ಒಳಗೆ ನಡೆದರು.